ಗರಡಿ ಮಟ್ಟಿಯಲ್ಲಿ ಬೆಳೆದ ಮೈ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಜಿಮ್ ಬರುವ ಮುಂಚೆ ಮೈ ಹುರಿಗೊಳಿಸುವ ಶಾಲೆಯೆಂದರೆ ಗರಡಿಮನೆ. ತಗ್ಗಾದ ಬಾಗಿಲು, ಒಳಗೊಬ್ಬ ಆಂಜನೇಯ, ನಡುವೆ ಕೆಮ್ಮಣ್ಣಿನ ಮಟ್ಟಿ. ಮಣ್ಣನ್ನು ಜರಡಿ ಹಿಡಿದು ಎಣ್ಣೆ, ಅರಿಸಿನ, ನಿಂಬೆರಸ, ಮಜ್ಜಿಗೆ ಬೆರೆಸಿ ಹದ ಮಾಡುತ್ತಿದ್ದರು. ಮಟ್ಟಿ ಅಗೆಯುವುದೇ ಹೊಸ ಹುಡುಗನ ಮೊದಲ ಸಾಮು.

ಈ ವಿದ್ಯೆಗೆ ದೊಡ್ಡ ವಂಶಾವಳಿಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವೇ ಉಂಟು. ಮಲ್ಲರ ದರ್ಜೆಗಳು, ಅವರ ಊಟ, ಅಭ್ಯಾಸ ಎಲ್ಲವೂ ಅಲ್ಲಿವೆ. ಭಾರ ಎತ್ತುವುದು, ನಡೆಯುವುದು, ಈಜುವುದು, ತೋಳು ಪಳಗಿಸುವುದು, ಕಂಬದ ಕಸರತ್ತು ಇವನ್ನೆಲ್ಲ ಆತ ‘ಶ್ರಮ’ ಎಂದೇ ಕರೆದ. ಇಷ್ಟು ಒಪ್ಪವಾಗಿ ದೇಹಾಭ್ಯಾಸವನ್ನು ವಿಂಗಡಿಸಿದ ಗ್ರಂಥ ಆ ಕಾಲಕ್ಕೆ ಅಪರೂಪ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯ ನಸುಕಿಗೆ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೂ ಬಳಿದುಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನು ತೋಳಲ್ಲಿ ಎತ್ತುತ್ತಿದ್ದ. ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ಬೀಸಿ, ಆಮೇಲೆ ಜಟ್ಟಿಯೊಡನೆ ಕುಸ್ತಿಗಿಳಿಯುತ್ತಿದ್ದ. ಪಾಳೆಯಗಾರರ ಕಾಲಕ್ಕೂ ಈ ರೂಢಿ ಹರಿದುಬಂತು. ಜಗಳೂರಿಗೆ ಹತ್ತಿರದ ಚಿತ್ರದುರ್ಗದ ಕೋಟೆಯಲ್ಲಿ ಗರಡಿಮನೆಯನ್ನು ಈಗಲೂ ನೋಡಬಹುದು.

ಗರಡಿಯ ದಂಡ, ಬಸ್ಕಿ, ಗದೆ, ಕಲ್ಲುಗುಂಡು ಮೈಯೊಳಗೆ ಮಾಡುವ ಕೆಲಸವನ್ನು ಶರೀರಶಾಸ್ತ್ರ ಬಿಡಿಸಿ ಹೇಳಿದ್ದು ಬಹಳ ತಡವಾಗಿ. ಮೊದಲ ಕೆಲವು ವಾರ ತೋಳು ದಪ್ಪವಾಗದಿದ್ದರೂ ಬಲ ಏರುತ್ತದೆ. ನರಗಳು ಹೆಚ್ಚು ಸ್ನಾಯುತಂತುಗಳನ್ನು ಒಟ್ಟಿಗೆ ದುಡಿಸಲು ಕಲಿಯುವುದೇ ಅದಕ್ಕೆ ಕಾರಣ. ಆಮೇಲೆ ಭಾರದ ಎಳೆತಕ್ಕೆ ಪ್ರತಿಯಾಗಿ ಸ್ನಾಯುಕೋಶ ಹೊಸ ಪ್ರೋಟೀನು ಕಟ್ಟುತ್ತದೆ; ಇದ್ದ ತಂತುಗಳೇ ದಪ್ಪವಾಗುತ್ತವೆ. ಈ ಕಟ್ಟೋಣ ಸಾಮು ಮುಗಿದ ಮೇಲೂ ಒಂದೆರಡು ದಿನ ನಡೆಯುತ್ತದೆ. ಅದಕ್ಕೆ ಊಟವೂ ನಿದ್ದೆಯೂ ಬೇಕು. ಭಾರ ಏರದಿದ್ದರೆ ಬೆಳವಣಿಗೆಯೂ ನಿಲ್ಲುತ್ತದೆ. ಸಣ್ಣ ಗುಂಡಿನಿಂದ ದೊಡ್ಡದಕ್ಕೆ ಹೋಗು ಎಂಬ ಉಸ್ತಾದರ ಕಟ್ಟಳೆ, ಹಾಲು, ಬಾದಾಮಿ, ಕಾಳುಗಳ ಖುರಾಕು, ತಾಲೀಮಿನ ನಂತರದ ಮಾಲೀಸು ಅನುಭವದಿಂದ ಬಂದವು. ಅವುಗಳಲ್ಲಿ ಮೊದಲ ಎರಡನ್ನು ವಿಜ್ಞಾನ ಪೂರ್ತಿ ಒಪ್ಪುತ್ತದೆ. ಎಣ್ಣೆ ಕುಡಿದರೆ ಸ್ನಾಯು ಬೆಳೆಯುತ್ತದೆ ಎಂಬುದಕ್ಕೆ ಮಾತ್ರ ಆಧಾರವಿಲ್ಲ.

ದಾವಣಗೆರೆಯ ಕ್ರೀಡಾನಿಲಯದಲ್ಲಿ ಹುಡುಗರು ಈಗ ಮ್ಯಾಟ್ ಮೇಲೆ ಕುಸ್ತಿ ಕಲಿಯುತ್ತಾರೆ. ಜಾತ್ರೆಯ ಬಯಲು ಕುಸ್ತಿ ಮಾತ್ರ ಇನ್ನೂ ಮಣ್ಣಿನಲ್ಲೇ ನಡೆಯುತ್ತದೆ, ಗೆದ್ದವನ ಕೈಗೆ ಬೆಳ್ಳಿ ಕಡಗ ಬೀಳುತ್ತದೆ.