ಅಥಣಿಯ ಚಪ್ಪಲಿ ಕೆಲಸ: ಕಸುಬಿನೊಳಗಣ ಕಲಿಕೆ

ಬೆಳಗಾವಿ ಜಿಲ್ಲೆಯ ಅಥಣಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ ಈ ಐದು ತಾಲೂಕುಗಳು ಕೃಷ್ಣೆ ಹಾಗೂ ಅದರ ಉಪನದಿಗಳ ಸೀಮೆಗೆ ಸೇರಿದವು. ಇಲ್ಲಿಯ ಕೈಕಸುಬುಗಳನ್ನು ಕುರಿತು ಬರೆಯುವವರು ಅವನ್ನು ‘ವಂಶಪಾರಂಪರ್ಯ’ವೆಂದು ಕರೆದು ಮುಂದೆ ಸಾಗುವುದು ವಾಡಿಕೆ. ಇದರಿಂದ, ಕಸುಬುದಾರನು ಹುಟ್ಟಿನಿಂದಲೇ ಕೆಲಸ ಬಲ್ಲವನು, ಅವನು ಹೊಸತಾಗಿ ಕಲಿಯುವುದು ಏನೂ ಇಲ್ಲವೆಂಬ ಭಾವನೆ ಬೇರೂರಿದೆ. ಅಥಣಿಯ ಚಪ್ಪಲಿ ಕೆಲಸವನ್ನು ಪರ್ಯಾಲೋಚಿಸಿದರೆ ಈ ಭಾವನೆಯು ನಿಲ್ಲಲಾರದೆಂದು ನಮ್ಮ ಮತ.

ಈ ಚಪ್ಪಲಿಗೆ ಲೋಕದಲ್ಲಿ ‘ಕೊಲ್ಲಾಪುರಿ’ ಎಂದು ಹೆಸರು. ಹೆಸರು ಒಂದು ಪೇಟೆಯದು. ದುಡಿದ ಕೈಗಳು ಇಂದಿನ ಗಡಿಯ ಎರಡೂ ಮಗ್ಗುಲಿನವು. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿತ್ತು. ಅಥಣಿ, ಚಿಕ್ಕೋಡಿಗಳು ಮುಂಬಯಿ ಪ್ರಾಂತದಲ್ಲಿದ್ದವು. 1956ರಲ್ಲಿ ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮೇಲೂ ಕಸುಬು ಗಡಿಯನ್ನು ಲೆಕ್ಕಿಸಲಿಲ್ಲ.

ಕೆಲಸದ ಕ್ರಮವನ್ನು ನೋಡೋಣ. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ತೊಗಲನ್ನು ಚೀಲದಂತೆ ಹೊಲಿದು, ಅದರಲ್ಲಿ ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ರಸವನ್ನು ತುಂಬಿ ತೂಗುಬಿಡುವುದು ಇಲ್ಲಿಯ ಹಳೆಯ ಪದ್ಧತಿ. ಬೇಸಗೆಯ ಹದ ಚಳಿಗಾಲಕ್ಕೆ ಸಲ್ಲದು. ಒಂದು ತೊಗಲಿನಂತೆ ಇನ್ನೊಂದಿಲ್ಲ. ಹದವಾದ ಚರ್ಮದಿಂದ ಗಂಡಸರು ಅಟ್ಟೆಯನ್ನು ಕೊಯ್ಯುವರು. ಹೆಂಗಸರು ಮೇಲಿನ ಪಟ್ಟಿಯನ್ನು ಹೆಣೆದು ಹೊಲಿಯುವರು. ಮೊಳೆಯನ್ನು ಬಳಸದೆ ಚರ್ಮದ ದಾರದಿಂದಲೇ ಎಲ್ಲವನ್ನೂ ಬಿಗಿಯುವರು. ಇಂಥ ಕೆಲಸವು ರಕ್ತದಿಂದ ಬರುವುದಿಲ್ಲ. ಪ್ರತಿಯೊಂದು ತಲೆಮಾರೂ ಅದನ್ನು ಮೊದಲಿನಿಂದ ಕಲಿಯಬೇಕಾಯಿತು.

ಇನ್ನು ಇತ್ತೀಚಿನ ಕಾಲದ ಸಂಗತಿ. 1976ರಲ್ಲಿ ಕರ್ನಾಟಕದ ಚರ್ಮೋದ್ಯಮ ಅಭಿವೃದ್ಧಿ ನಿಗಮವಾದ ಲಿಡ್ಕರ್ ಸ್ಥಾಪಿತವಾಯಿತು. 1990ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನ ಅಸೆಂಟ್ ಸಂಸ್ಥೆಯು ಅಥಣಿಯಲ್ಲಿ ಕೆಲಸಕ್ಕೆ ತೊಡಗಿತು. ಹೆಂಗಸರ ಸ್ವಸಹಾಯ ಸಂಘಗಳ ಮೂಲಕ ‘ಟೋಹೋಲ್ಡ್’ ಎಂಬ ಕುಶಲಕರ್ಮಿಗಳ ಒಕ್ಕೂಟವು ರೂಪುಗೊಂಡಿತು. ಪರದೇಶದ ಪಾದದ ಅಳತೆ, ಎಡಬಲಗಳ ಸಮತೆ, ಹೊಸ ವಿನ್ಯಾಸ, ಲೆಕ್ಕ ಬರೆಯುವ ಕ್ರಮ ಇವೆಲ್ಲ ಕಲಿಕೆಯ ವಿಷಯಗಳಾದವು. ಹಿಂದೆ ಮನೆಯ ದುಡಿಮೆಯೆಂದು ಲೆಕ್ಕಕ್ಕೇ ಬಾರದಿದ್ದ ಹೆಣಿಗೆಯು ಹೆಂಗಸರ ಸ್ವಂತ ಗಳಿಕೆಯಾಗಲು ದಾರಿಯಾಯಿತೆಂಬುದು ಇಲ್ಲಿ ಮುಖ್ಯ.

2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೋಲಾಪುರ ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಅದರಲ್ಲಿ ಸೇರಿವೆ. ಆದರೂ 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದ ಪ್ರದರ್ಶನದಲ್ಲಿ ಇದನ್ನೇ ಹೋಲುವ ಪಾದರಕ್ಷೆಗಳನ್ನು ಮೂಲದ ಹೆಸರಿಲ್ಲದೆ ತೋರಿಸಿತು. ಆಕ್ಷೇಪಗಳು ಎದ್ದ ಮೇಲೆ ಭಾರತೀಯ ಕುಶಲಕರ್ಮದ ಋಣವನ್ನು ಒಪ್ಪಿಕೊಂಡಿತು.

ಈ ಪ್ರಸಂಗದಿಂದ ನಾವು ಗ್ರಹಿಸಬೇಕಾದುದು ಇಷ್ಟು. ಹುಟ್ಟಿನಿಂದ ಬಂದುದೆಂದು ಬಗೆದ ವಿದ್ಯೆಗೆ ಯಾರೂ ಬೆಲೆ ಕೊಡರು. ಕಲಿತು ಸಾಧಿಸಿದುದಕ್ಕೆ ಮಾತ್ರ ಬೆಲೆಯುಂಟು. ಸಮಗಾರ, ಢೋರ ಮೊದಲಾದ ಸಮಾಜಗಳವರ ಜ್ಞಾನವನ್ನು ಜಾತಿಯ ಲಕ್ಷಣವೆಂದು ಬರೆದ ಗ್ರಂಥಗಳು ಅವರ ಶ್ರಮದ ಬೆಲೆಯನ್ನು ಇಳಿಸುವುದರಲ್ಲಿ ತಾವೂ ಭಾಗಿಯಾದವು. ಪಾಠಶಾಲೆಯ ಚರಿತ್ರೆಯನ್ನು ಬರೆಯುವ ನಾವು ಅಟ್ಟೆ ಕೊಯ್ಯುವ ಹಲಗೆಯ ಚರಿತ್ರೆಯನ್ನೂ ಶಿಕ್ಷಣದ ಚರಿತ್ರೆಯೆಂದೇ ಬರೆಯತಕ್ಕದ್ದು. ಹದವನ್ನು ಬಲ್ಲ ಹಿರಿಯರು ಇರುವಾಗಲೇ ಆ ಕಾರ್ಯವು ನಡೆಯಬೇಕು.