ತಟ್ಟು ಕುದುರೆಯ ಕಡಿವಾಣ: ಬಾಯಿಯ ರಚನೆ, ಅಳತೆ ಮತ್ತು ಕೆಲಸದ ಸ್ವರೂಪ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡಿನಲ್ಲಿ, ಅಂದರೆ ರಾಯಚೂರು, ದೇವದುರ್ಗ, ಮಾನ್ವಿ, ಮಲ್ಲಟಗಳನ್ನು ಒಳಗೊಂಡ ಪ್ರದೇಶದಲ್ಲಿ, ಕುದುರೆಯ ಚರಿತ್ರೆ ಬಹುಮಟ್ಟಿಗೆ ಯುದ್ಧದ ಚರಿತ್ರೆಯಾಗಿಯೇ ದಾಖಲಾಗಿದೆ. ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಕೃಷ್ಣದೇವರಾಯ ಕೊಟ್ಟ ಹಣದೊಡನೆ ವರ್ತಕನೊಬ್ಬ ಬಿಜಾಪುರದ ಆಶ್ರಯ ಸೇರಿದ್ದು 1520ರ ರಾಯಚೂರು ಯುದ್ಧಕ್ಕೆ ನೆಪವಾಯಿತೆಂದು ಪೋರ್ಚುಗೀಸ್ ವರ್ತಕ ಫೆರ್ನಾವೊ ನೂನಿಜ್ ಬರೆದಿದ್ದಾನೆ. ದಂಡಿನ ಕುದುರೆಗೆ ದೊರೆತ ಈ ಗಮನ ಟಾಂಗಾ ಎಳೆಯುವ, ಕುರಿಗಾಹಿಗಳ ಹೇರು ಹೊರುವ ತಟ್ಟುವಿಗೆ ದೊರೆತಿಲ್ಲ. ತಟ್ಟುವಿನ ಕಡಿವಾಣವೆಂದರೆ ದೊಡ್ಡ ಕುದುರೆಯ ಕಡಿವಾಣದ ಕಿರಿಯ ರೂಪವಲ್ಲ, ಅದನ್ನು ಬಾಯಿಯ ರಚನೆಯನ್ನೂ ಕೆಲಸದ ಸ್ವರೂಪವನ್ನೂ ನೋಡಿ ಆರಿಸಬೇಕೆಂಬುದು ಈ ಲೇಖನದ ನಿಲುವು.

ಕುದುರೆಯ ಮುಂಬಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ವಸಡಿನ ಭಾಗವಿದ್ದು, ಕಡಿವಾಣದ ಕಂಬಿ ಕೂರುವುದು ಅಲ್ಲಿಯೇ. ಆ ವಸಡಿನ ತೆಳುಪದರದಡಿ ನೇರವಾಗಿ ಎಲುಬಿರುವುದರಿಂದ ಒತ್ತಡ ಬೇಗ ನೋವಾಗುತ್ತದೆ. ತಟ್ಟುವಿನ ಬಾಯಿ ಕಿರಿದಾಗಿದ್ದು, ನಾಲಗೆ ದಪ್ಪನಾಗಿಯೂ ಅಂಗುಳ ತಗ್ಗಾಗಿಯೂ ಇರುವುದು ಸಾಮಾನ್ಯವಾದ್ದರಿಂದ, ಮೃದುವೆಂದು ಹೆಸರಾದ ದಪ್ಪ ಕಂಬಿಯೂ ಅಲ್ಲಿ ಇಕ್ಕಟ್ಟನ್ನುಂಟುಮಾಡಬಹುದು. ನಡುವೆ ಒಂದೇ ಕೀಲಿರುವ ಕಂಬಿಯನ್ನು ಎರಡೂ ಕಡೆಯಿಂದ ಎಳೆದಾಗ ಕೀಲು ಮೇಲೆದ್ದು ಅಂಗುಳಕ್ಕೆ ತಾಗುವ ಸಂಭವವಿದೆ. ಇಂಥ ಬಾಯಿಗೆ ನಾಲಗೆಗೆ ಎಡೆಯಾಗುವಂತೆ ತುಸು ಬಾಗಿದ ಅಖಂಡ ಕಂಬಿ ಅಥವಾ ಎರಡು ಕೀಲುಗಳ ಕಂಬಿ ಹೆಚ್ಚು ಒಗ್ಗುತ್ತದೆ.

ಅಳತೆಗೆ ಒಂದು ದಾರ ಸಾಕು. ಕಂಬಿ ಕೂರುವ ಜಾಗದಲ್ಲಿ ದಾರವನ್ನು ಹಾಯಿಸಿ, ತುಟಿಯ ಎರಡು ಕೊನೆಗಳಲ್ಲಿ ಗುರುತು ಹಾಕಿ ಅಳೆದು, ಪ್ರತಿ ಬದಿಗೆ ಸುಮಾರು 5 ಮಿಲಿಮೀಟರ್ ಸೇರಿಸಿದರೆ ಕಂಬಿಯ ಅಗಲ ಸಿಗುತ್ತದೆ. ತಟ್ಟುಗಳಿಗೆ ಇದು ಹೆಚ್ಚಾಗಿ ನಾಲ್ಕೂವರೆಯಿಂದ ಐದು ಅಂಗುಲದೊಳಗೆ ಬರುತ್ತದೆ. ಅಗಲ ಹೆಚ್ಚಾದರೆ ಕಂಬಿ ಬಾಯೊಳಗೆ ಅತ್ತಿತ್ತ ಜಾರುತ್ತದೆ, ಕಡಿಮೆಯಾದರೆ ಕಂಬಿಯ ಎರಡು ತುದಿಗಳ ಬಳೆಗಳು ತುಟಿಯನ್ನು ಉಜ್ಜಿ ಹುಣ್ಣು ಮಾಡುತ್ತವೆ.

ಹಗ್ಗ ಹಿಡಿದು ನಡೆಸುವ ಹೇರಿನ ತಟ್ಟುವಿಗೆ ಕಡಿವಾಣದ ಅಗತ್ಯವೇ ಇರುವುದಿಲ್ಲ. ಟಾಂಗಾದವನಿಗಾದರೋ ಸವಾರನಿಗಿರುವಂತೆ ಕಾಲಿನ ಒತ್ತು, ಮೈಯ ಭಾರ ಒದಗದಿರುವುದರಿಂದ, ದನಿ ಮತ್ತು ಚಾವಟಿಯನ್ನು ಬಿಟ್ಟರೆ ಲಗಾಮೊಂದೇ ಸಾಧನ. ಆದ್ದರಿಂದಲೇ ಸನ್ನೆಯಂತೆ ಕೆಲಸ ಮಾಡುವ, ಗದ್ದದ ಸರಪಳಿಯಿರುವ ಉದ್ದ ತೋಳಿನ ಕಡಿವಾಣ ಗಾಡಿಗೆ ಬಳಕೆಯಲ್ಲಿದೆ. ಅದರ ಮೇಲ್ತೋಳು 5 ಸೆಂಟಿಮೀಟರ್, ಕೆಳತೋಳು 10 ಸೆಂಟಿಮೀಟರ್ ಇದ್ದಲ್ಲಿ, ಲಗಾಮಿನ 1 ಕಿಲೋ ಎಳೆತ ಸರಪಳಿಯಲ್ಲಿ ಸುಮಾರು 2 ಕಿಲೋ, ಕಂಬಿಯಡಿಯ ವಸಡು-ನಾಲಗೆಗಳ ಮೇಲೆ ಸುಮಾರು 3 ಕಿಲೋ ಆಗುತ್ತದೆ. ಪಳಗಿದ ಕೈಗೆ ಇದು ಎಳೆತವನ್ನು ಉಳಿಸುತ್ತದೆ, ಒರಟು ಕೈಯಲ್ಲಿ ಅದೇ ಹಿಂಸೆಯಾಗುತ್ತದೆ.

ಮುಳ್ಳಿನ ಕಡಿವಾಣವನ್ನು ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳಿಗೆ ಸಂಬಂಧಿಸಿದ 1965ರ ಕೇಂದ್ರ ನಿಯಮಗಳು ನಿಷೇಧಿಸಿವೆ. ತಲೆ ಕೊಡವುವುದು, ಬಾಯಿ ಕಳೆಯುವುದು, ನಾಲಗೆಯನ್ನು ಕಂಬಿಯ ಮೇಲೆ ಹಾಕುವುದು ಮೊಂಡುತನವೆಂದು ಬಗೆದು ಹೆಚ್ಚು ಕಠಿಣವಾದ ಕಡಿವಾಣಕ್ಕೆ ಕೈಹಾಕುವ ಮೊದಲು ಹಲ್ಲು, ಕಂಬಿಯ ಅಗಲ, ಸರಪಳಿಯ ಬಿಗಿ, ಇವನ್ನು ಈ ಕ್ರಮದಲ್ಲಿ ಪರೀಕ್ಷಿಸುವುದು ಯುಕ್ತ.