ಕೋರ್ ಡಂಪ್ ಮತ್ತು ಒಂದು ಹ್ಯಾಷ್ ಗುರುತು

ಸರ್ವರ್ ಬಿದ್ದಾಗ ಎಲ್ಲರೂ ಮೊದಲು ಕೇಳೋದು "ಯಾವಾಗ ಏಳುತ್ತೆ?" ಅಂತ. "ಯಾಕೆ ಬಿತ್ತು?" ಅನ್ನೋದು ಆಮೇಲೆ. ಅಷ್ಟರಲ್ಲಿ ಮೆಷಿನ್ ರೀಬೂಟ್ ಆಗಿ, ಮೆಮರಿಯಲ್ಲಿದ್ದ ಸಾಕ್ಷಿಯೆಲ್ಲ ಅಳಿಸಿಹೋಗಿರುತ್ತೆ. ಆ ಸಾಕ್ಷಿ ಉಳಿಸೋ ಉಪಾಯವೇ ಕ್ರ್ಯಾಶ್ ಡಂಪ್. ಅದರ ಕಥೆ ಹೇಳ್ತೀನಿ; ಜೊತೆಗೆ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

'ಕೋರ್ ಡಂಪ್'ನಲ್ಲಿರುವ ಕೋರ್ ಅಂದ್ರೆ ತಂತಿಗೆ ಪೋಣಿಸಿದ ಪುಟಾಣಿ ಫೆರೈಟ್ ಉಂಗುರ. ಹಳೆ ಕಂಪ್ಯೂಟರುಗಳ ಮೆಮರಿ ಅದೇ, ಒಂದು ಉಂಗುರಕ್ಕೆ ಒಂದು ಬಿಟ್. 1970ರ ದಶಕದಲ್ಲಿ ಚಿಪ್ಪುಗಳು ಬಂದು ಉಂಗುರ ಮಾಯವಾಯ್ತು, ಹೆಸರು ಉಳೀತು.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಹುಟ್ಟಿತು. ಅದಕ್ಕೂ ಮುಂಚಿನ ಮಲ್ಟಿಕ್ಸ್‌ನಲ್ಲಿ ದೋಷಗಳಿಂದ ಚೇತರಿಸಿಕೊಳ್ಳೋಕೇ ರಾಶಿ ಕೋಡ್ ಇತ್ತು. ಯುನಿಕ್ಸ್‌ನವರು ಅದನ್ನ ಬಿಟ್ಟು 'ಪ್ಯಾನಿಕ್' ಅನ್ನೋ ಪುಟ್ಟ ರೂಟೀನ್ ಇಟ್ಟರು. ಕರ್ನಲ್‌ಗೆ ತನ್ನ ಮೇಲೇ ನಂಬಿಕೆ ಹೋದರೆ ಅಲ್ಲೇ ನಿಂತುಬಿಡೋದು, ಅಷ್ಟೇ! 1975ರ ಆರನೇ ಆವೃತ್ತಿಯಲ್ಲಿ ಡಂಪ್ ತೆಗೆಯೋದು ಕೈಕೆಲಸ: ಪಿಡಿಪಿ-11ಕ್ಕೆ ಟೇಪ್ ಹಾಕಿ, ಸ್ವಿಚ್ಚುಗಳಲ್ಲಿ 44 ಅನ್ನೋ ವಿಳಾಸ ಕೊಟ್ಟು, ಸ್ಟಾರ್ಟ್ ಒತ್ತಬೇಕಿತ್ತು.

ಬರ್ಕ್ಲಿಯ ಬಿಎಸ್‌ಡಿ ಯುನಿಕ್ಸ್ ಈ ಕೆಲಸ ತಾನಾಗೇ ಆಗೋ ಹಾಗೆ ಮಾಡಿತು. ಕೆಟ್ಟ ಕರ್ನಲ್ ಕೈಗೆ ಫೈಲ್ ಸಿಸ್ಟಮ್ ಕೊಟ್ಟರೆ ಅದೂ ಹಾಳು. ಅದಕ್ಕೇ ಮೆಮರಿಯನ್ನ ಸ್ವಾಪ್ ಜಾಗಕ್ಕೆ ಸುರಿಯೋದು. ರೀಬೂಟ್ ಆದಮೇಲೆ ಹಳೆ ಸ್ವಾಪ್ ಯಾರಿಗೆ ಬೇಕು? ಸರ್ವರ್ ಮತ್ತೆ ಏಳುವಾಗ ಸೇವ್‌ಕೋರ್ ಅದನ್ನ ಫೈಲಾಗಿ ಎತ್ತಿಡುತ್ತೆ. ಡಿಬಗ್ಗರಿನಲ್ಲಿ ತೆರೆದರೆ ಮೊದಲು ಪ್ಯಾನಿಕ್ ಸಂದೇಶ, ಆಮೇಲೆ ಸ್ಟ್ಯಾಕ್: ಯಾವ ಫಂಕ್ಷನ್ ಯಾವುದನ್ನ ಕರೆದು ಇಲ್ಲಿಗೆ ಬಂತು ಅನ್ನೋ ಜಾಡು.

ಆದರೆ ಸೋಲಾರಿಸ್ 2.6ರ ತನಕ ಸೇವ್‌ಕೋರ್ ಸಾಲುಗಳು ಸ್ಟಾರ್ಟಪ್ ಸ್ಕ್ರಿಪ್ಟಿನಲ್ಲಿ ಹ್ಯಾಷ್ ಗುರುತು ಹೊತ್ತುಕೊಂಡೇ ಬರ್ತಿದ್ವು. ಬೇಕಾದ ಅಡ್ಮಿನ್ ಅದನ್ನ ತೆಗೀಬೇಕು. 1998ರ ಸೋಲಾರಿಸ್ 7ರಿಂದ ಅದು ಮೊದಲೇ ಆನ್ ಆಗಿರ್ತಿತ್ತು.

ನಾನು ತೆಗೆದಿರಲಿಲ್ಲ. ಡಿಸ್ಕ್ ತುಂಬುತ್ತೆ, ಆಮೇಲೆ ನೋಡೋಣ ಅಂದ್ಕೊಂಡಿದ್ದೆ. ಒಂದು ರಾತ್ರಿ ಸರ್ವರ್ ಬಿತ್ತು. ಪಾಳಿಯಲ್ಲಿದ್ದ ಹುಡುಗ "ನಾನೇನೂ ಮುಟ್ಟಿಲ್ಲ ಸಾರ್" ಅಂದ. ಅವನು ಹೇಳಿದ್ದು ನಿಜ ಅಂತ ತೋರಿಸೋಕೆ ಡಂಪ್ ಇರಲಿಲ್ಲ. ತಪ್ಪು ಅವನ ತಲೆಗೇ ಬಂತು, ನಾನು ಸುಮ್ಮನಿದ್ದೆ. ಮಾರನೇ ದಿನವೇ ಹ್ಯಾಷ್ ತೆಗೆದೆ ಅನ್ನಿ. ಎರಡು ತಿಂಗಳ ಮೇಲೆ ಮತ್ತೆ ಬಿತ್ತು. ಈ ಸಲ ಸ್ಟ್ಯಾಕ್‌ನಲ್ಲಿ ಸಿಕ್ಕಿದ್ದು ಒಂದು ಟೇಪ್ ಡ್ರೈವರ್. ಅಷ್ಟರಲ್ಲಿ ಆ ಹುಡುಗ ಕೆಲಸ ಬಿಟ್ಟಾಗಿತ್ತು.

2005ರಲ್ಲಿ ಲಿನಕ್ಸ್ 2.6.13ಕ್ಕೆ ಕೆಡಂಪ್ ಸೇರಿತು. ಅದನ್ನ ಕಟ್ಟಿದವರಲ್ಲಿ ಐಬಿಎಂನ ಭಾರತದ ಎಂಜಿನಿಯರುಗಳೂ ಇದ್ದರು. ಸಾಯೋ ಕರ್ನಲ್‌ನ ನಂಬೋದೇ ಬೇಡ; ಪಕ್ಕದಲ್ಲಿ ಕಾದಿಟ್ಟ ಮೆಮರಿಯಿಂದ ಇನ್ನೊಂದು ಕರ್ನಲ್ ಎದ್ದು ಡಂಪ್ ಬರೆಯುತ್ತೆ. ಎಂಥ ಚಂದದ ಉಪಾಯ! ಆದರೆ ಆ ಮೆಮರಿಯನ್ನ ಮೊದಲೇ ಕಾದಿಟ್ಟಿರಬೇಕು.

ನಿಮ್ಮ ಸರ್ವರಿನಲ್ಲಿ ಇಟ್ಟಿದ್ದೀರಾ? ಇವತ್ತೇ ಒಂದ್ಸಲ ನೋಡಿಬಿಡಿ.